ಕನ್ನಡ ಸಿನಿಮಾ ಯಾರ ಬಾಲ್ಯಕ್ಕೆ ಮರಳುತ್ತದೆ?

ಕಥೆ ನಿಮಗೆ ಗೊತ್ತಿದ್ದದ್ದೇ. ನಲವತ್ತು ದಾಟಿದ ಗಂಡಸು. ಬೆಂಗಳೂರಿನಲ್ಲಿ ಮನೆ, ಮನೆಯ ಮೇಲೆ ಸಾಲ, ಸ್ವಲ್ಪ ಬಿ.ಪಿ. ಜಮೀನಿನ ಸಹಿಗೋ ಶಾಲೆಯ ಅಮೃತ ಮಹೋತ್ಸವಕ್ಕೋ ಊರಿಗೆ ಬರುತ್ತಾನೆ. ಬಸ್ಸು ಇಳಿಯುವ ಹೊತ್ತಿಗೆ ಸರಿಯಾಗಿ ಮಳೆ. ಜೊತೆಗೆ ಗೋಲಿ ಆಡಿದವನು ಈಗ ಪಂಚಾಯಿತಿ ಮೆಂಬರು. ಕಿವಿ ಹಿಂಡುತ್ತಿದ್ದ ಮೇಷ್ಟ್ರಿಗೆ ಈಗ ಕಿವಿ ಕೇಳಿಸದು. ನಾಯಕ ಮಾವಿನ ಮರ ಹತ್ತಿ ಪ್ಯಾಂಟು ಹರಿದುಕೊಳ್ಳುತ್ತಾನೆ, ಮಗಳು ಮೊಬೈಲಿನಿಂದ ತಲೆಯೆತ್ತಿ ನಗುತ್ತಾಳೆ, ಹೆಂಡತಿಯ ಮುನಿಸು ಕರಗುತ್ತದೆ. ಎರಡೂಕಾಲು ಗಂಟೆ. ಮನೆಮಂದಿಯೆಲ್ಲ ಕೂತು ನೋಡಬಹುದಾದ ಚಿತ್ರ.

ಈ ಕಥೆ ಶರಣಸಿರಸಗಿಯಲ್ಲಿ ನಡೆದದ್ದನ್ನು ಮಾತ್ರ ನಾನು ಇನ್ನೂ ಪರದೆಯ ಮೇಲೆ ನೋಡಿಲ್ಲ. ಕಲಬುರಗಿ ನಗರದ ಮಗ್ಗುಲಲ್ಲೇ ಇರುವ ಊರು. ಈ ಸೀಮೆಯಿಂದಲೂ ಜನ ದುಡಿಯಲು ಹೊರಗೆ ಹೋಗಿದ್ದಾರೆ: ಪುಣೆ, ಮುಂಬಯಿ, ಹೈದರಾಬಾದ್, ಬೆಂಗಳೂರು. ಅವರೂ ಹಬ್ಬಕ್ಕೆ, ಜಾತ್ರೆಗೆ ತಿರುಗಿ ಬರುತ್ತಾರೆ. ಅವರ ಮಕ್ಕಳ ಕೈಯಲ್ಲೂ ಮೊಬೈಲ್ ಇದೆ. ಆದರೆ ನಮ್ಮ ಸಿನಿಮಾದ ನಾಯಕ ಬಸ್ಸಿಳಿಯುವುದು ಬಹುಪಾಲು ಮಲೆನಾಡಿನಲ್ಲಿ, ಇಲ್ಲವೇ ಕರಾವಳಿಯಲ್ಲಿ. ಯಾಕೆ ಎಂದು ಕೇಳಹೊರಟರೆ ಅದರ ಬೆನ್ನಿಗೇ ಇನ್ನಷ್ಟು ಪ್ರಶ್ನೆಗಳು ಬರುತ್ತವೆ. ಇಂಥ ಚಿತ್ರ ಮಕ್ಕಳದೋ ದೊಡ್ಡವರದೋ? ಅದರಲ್ಲಿ ನಗುವವರು ಯಾರು, ಯಾರನ್ನು ನೋಡಿ? ಹಳೆಯ ನೆನಪು ಮದ್ದೋ, ಮತ್ತೋ? ಈ ಬಗ್ಗೆ ನಮ್ಮಲ್ಲಿ ಇರುವ ವಾದಗಳು ಒಂದನ್ನೊಂದು ಒಪ್ಪುವುದಿಲ್ಲ.

ಮಕ್ಕಳು ಮೊದಲು ಬಂದದ್ದು ಸಾಕ್ಷಿಗಳಾಗಿ

ಕನ್ನಡದ ಹೊಸ ಅಲೆಯ ಚಿತ್ರಗಳಲ್ಲಿ ಮಗು ನಗಿಸಲಿಕ್ಕೆ ಬಂದದ್ದಲ್ಲ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾರ್ನಾಡರು ಮಾಡಿದ 'ಕಾಡು' (1973), ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977), ಎರಡರಲ್ಲೂ ದೊಡ್ಡವರ ಕ್ರೌರ್ಯವನ್ನು ಒಬ್ಬ ಹುಡುಗ ಅರ್ಧ ಅರ್ಥವಾಗಿ ಅರ್ಧ ಆಗದೆ ನೋಡುತ್ತಾನೆ. ಆ ಇಬ್ಬರು ಹುಡುಗರಿಗೂ ರಾಷ್ಟ್ರಪ್ರಶಸ್ತಿ ಬಂತು. ಅವರ ಬಾಲ್ಯಕ್ಕೆ ಮರಳಬೇಕು ಎಂದು ನೋಡಿದ ಯಾರಿಗೂ ಅನ್ನಿಸಲಾರದು.

ಅದೇ ಹೊತ್ತಿಗೆ ಪೇಟೆಯ ಚಿತ್ರಮಂದಿರಗಳಲ್ಲಿ ಬೇರೆ ಮಕ್ಕಳು ಓಡಾಡುತ್ತಿದ್ದರು. 'ಪುಟಾಣಿ ಏಜೆಂಟ್ 123' (1979), ನಟಿ ಲಕ್ಷ್ಮಿ ನಿರ್ದೇಶಿಸಿದ 'ಮಕ್ಕಳ ಸೈನ್ಯ' (1980), 'ಸಿಂಹದ ಮರಿ ಸೈನ್ಯ' (1981). ಕಳ್ಳರನ್ನು ಹಿಡಿಯುವ, ದೊಡ್ಡವರನ್ನು ಪೇಚಿಗೆ ಸಿಕ್ಕಿಸುವ ಮಕ್ಕಳು. ಜಾತ್ರೆಯ ತಂಬಿನಲ್ಲಿ, ಎಡಗಡೆ ಗಂಡಸರು ಬಲಗಡೆ ಹೆಂಗಸರು ಎಂದು ಹಗ್ಗ ಕಟ್ಟಿದ ಮಣ್ಣಿನ ಮೇಲೆ ಕುಳಿತು ಇಂಥವನ್ನು ನೋಡಿದ ನೆನಪು ನನಗಿದೆ. ರೀಲು ಬದಲಿಸುವ ಹೊತ್ತಿಗೆ ಶೇಂಗಾ ಸಿಪ್ಪೆಯ ಸದ್ದು. ಆ ಚಿತ್ರಗಳಲ್ಲಿ ಹಿಂದಕ್ಕೆ ನೋಡುವ ಮಾತೇ ಇರಲಿಲ್ಲ. ಮಕ್ಕಳಿಗೆ ಬಾಲ್ಯ ಎನ್ನುವುದು ಗೊತ್ತಿರುವುದಿಲ್ಲ, ಅದು ದೊಡ್ಡವರು ಆಮೇಲೆ ಇಟ್ಟ ಹೆಸರು.

ಹಿಂದಕ್ಕೆ ನೋಡುವ ಕಣ್ಣು ಬಂದದ್ದು 1980ರ ದಶಕದ ನಡುವಿನಲ್ಲಿ. 1985ರಲ್ಲಿ ಎನ್. ಲಕ್ಷ್ಮೀನಾರಾಯಣ್ ಅವರ 'ಬೆಟ್ಟದ ಹೂವು' ಬಂತು. ಕುವೆಂಪು ಅವರ ರಾಮಾಯಣ ಕೊಳ್ಳಲು ಕಾಸು ಕೂಡಿಡುವ ಬಡ ಹುಡುಗನಾಗಿ ಪುನೀತ್. ಮರುವರ್ಷ ದೂರದರ್ಶನದಲ್ಲಿ ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್'. ಆರ್.ಕೆ. ನಾರಾಯಣ್ 1935ರಲ್ಲಿ ಬರೆದ ಸ್ವಾಮಿಯ ಕಥೆಯನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದ ಆ ಧಾರಾವಾಹಿ ಕನ್ನಡಿಗರ ಮನಸ್ಸಿನಲ್ಲಿ ಬಾಲ್ಯಕ್ಕೆ ಒಂದು ವಿಳಾಸ ಕೊಟ್ಟುಬಿಟ್ಟಿತು: ಹೆಂಚಿನ ಮನೆ, ಜಗಲಿ, ಜಿಟಿಜಿಟಿ ಮಳೆ, ಚಡ್ಡಿ ತೊಟ್ಟ ಮಾಸ್ಟರ್ ಮಂಜುನಾಥ್. ಈಗ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ ಮಾಲ್ಗುಡಿಯ ಹೆಸರಿನ ಸಂಗ್ರಹಾಲಯವೇ ಇದೆ. ಇಲ್ಲದ ಊರಿಗೆ ಇರುವ ನಿಲ್ದಾಣ! ಅಂದಹಾಗೆ, ಕನ್ನಡಿಗರು ತಮ್ಮದೆಂದು ಎದೆಗಪ್ಪಿಕೊಂಡ ಆ ಬಾಲ್ಯ ಮೂಲದಲ್ಲಿ ಮಾತಾಡಿದ್ದು ಹಿಂದಿ ಮತ್ತು ಇಂಗ್ಲಿಷ್.

2006ರಲ್ಲಿ ಒಂದು ಕವಲು ಕಾಣಿಸುತ್ತದೆ. ಆ ವರ್ಷ ಸುದೀಪ್ ನಿರ್ದೇಶಿಸಿ ನಟಿಸಿದ 'ಮೈ ಆಟೋಗ್ರಾಫ್' ತೆರೆಗೆ ಬಂತು. ಚೇರನ್ ಅವರ ತಮಿಳು ಚಿತ್ರದ ಮರುರೂಪ. ಮದುವೆಯ ಕರೆಯೋಲೆ ಹಿಡಿದು ಹಳೆಯ ಊರು, ಹಳೆಯ ಶಾಲೆಗೆ ಹೋಗುವ ಗಂಡಸಿನ ಕಥೆ. ಅದೇ ವರ್ಷ ಕಿಶನ್ ಎಂಬ ಪುಟ್ಟ ಹುಡುಗ ತಾನೇ ನಿರ್ದೇಶಕನಾಗಿ 'ಕೇರ್ ಆಫ್ ಫುಟ್‌ಪಾತ್' ಮಾಡಿದ. ದೊಡ್ಡವನು ಬಾಲ್ಯ ಹುಡುಕುತ್ತಿದ್ದ, ಚಿಕ್ಕವನು ಬಾಲ್ಯ ಸಿಗದ ಮಕ್ಕಳನ್ನು ತೋರಿಸುತ್ತಿದ್ದ. ಮುಂದಿನ ವಾದಗಳೆಲ್ಲ ಈ ಎರಡು ದಾರಿಗಳ ನಡುವಿನವು.

ಹಳಹಳಿಕೆ ಮದ್ದು ಎನ್ನುವವರು

ಕನ್ನಡ ವಿಮರ್ಶೆಯಲ್ಲಿ ಇದಕ್ಕೆ 'ಹಳಹಳಿಕೆ' ಎನ್ನುವ ಮಾತಿದೆ. ಆ ಪದದಲ್ಲೇ ಸ್ವಲ್ಪ ಕೊರಗು, ಸ್ವಲ್ಪ ಬೈಗುಳ. ಯುರೋಪಿನಲ್ಲಂತೂ ಅದು ಕಾಯಿಲೆಯಾಗಿಯೇ ಹುಟ್ಟಿತು: 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ, ಮನೆ ಬಿಟ್ಟು ದೂರದಲ್ಲಿದ್ದ ಸ್ವಿಸ್ ಜನರನ್ನು ಕಾಡುತ್ತಿದ್ದ ಊರಿನ ಕೊರಗಿಗೆ 'ನಾಸ್ಟಾಲ್ಜಿಯಾ' ಎಂದು ಹೆಸರಿಟ್ಟ.

ಇಂದಿನ ಮನಃಶಾಸ್ತ್ರ ಅದನ್ನು ರೋಗದ ಪಟ್ಟಿಯಿಂದ ತೆಗೆದುಹಾಕಿದೆ. ಮಧ್ಯವಯಸ್ಸು ದಾಟಿದವರನ್ನು ನೆನಪು ಹೇಳಿ ಎಂದು ಕೇಳಿದರೆ, ಹತ್ತರಿಂದ ಮೂವತ್ತರ ವಯಸ್ಸಿನ ನಡುವಿನವೇ ಉಳಿದೆಲ್ಲಕ್ಕಿಂತ ಹೆಚ್ಚಾಗಿ ಬರುತ್ತವೆ ಎಂದು ನೆನಪಿನ ಸಂಶೋಧಕರು ಹೇಳುತ್ತಾರೆ. ಹಾಗಾದರೆ ಬಾಲ್ಯಕ್ಕೆ ಮರಳುವ ಚಿತ್ರ ಮನುಷ್ಯನ ಸಹಜ ಹಸಿವಿಗೆ ಕೊಟ್ಟ ಊಟ ಎಂಬುದು ಈ ಪಕ್ಷದ ವಾದ. ಸ್ಪೀಲ್‌ಬರ್ಗ್‌ನ 'ಹುಕ್' (1991) ಚಿತ್ರದಲ್ಲಿ ಪೀಟರ್ ಪ್ಯಾನ್ ವಕೀಲನಾಗಿ ಹಾರುವುದನ್ನೇ ಮರೆತಿರುತ್ತಾನೆ. 'ದಿ ಕಿಡ್' (2000) ಚಿತ್ರದಲ್ಲಿ ಬ್ರೂಸ್ ವಿಲ್ಲಿಸ್‌ನ ಎದುರಿಗೆ ಎಂಟು ವರ್ಷದ ತಾನೇ ಬಂದು ನಿಲ್ಲುತ್ತಾನೆ. ಕನ್ನಡದಲ್ಲಿ ಮಾಯಮಂತ್ರ ಬೇಕಾಗಲಿಲ್ಲ, ಹಳೆಯ ಶಾಲೆಯ ಕಟ್ಟಡ ಸಾಕಾಯಿತು. ಸಹಪಾಠಿಗಳ ಕೂಟದ ಸುತ್ತ ಹೆಣೆದ '99' (2019), ಮರುವರ್ಷದ 'ಮಾಲ್ಗುಡಿ ಡೇಸ್' ಅದೇ ಜಾಡಿನವು. ಎರಡನೆಯದರಲ್ಲಿ ಒಂದು ಸ್ವಾರಸ್ಯ: ತನ್ನ ಊರಿಗೆ ಮರಳುವ ನರೆಗೂದಲಿನ ಲೇಖಕನಾಗಿ ನಟಿಸಿದವರು ವಿಜಯ ರಾಘವೇಂದ್ರ. 1993ರ 'ಚಿನ್ನಾರಿ ಮುತ್ತ'ನ ಹುಡುಗ. ಒಂದೇ ಮುಖವನ್ನು ಬಾಲ್ಯದಲ್ಲೂ ಬಾಲ್ಯ ಅರಸುವ ಮುಪ್ಪಿನಲ್ಲೂ ನೋಡಿದ ಪ್ರೇಕ್ಷಕನಿಗೆ ಕಥೆಗಿಂತ ಆ ಮುಖವೇ ಹೆಚ್ಚು ಹೇಳುತ್ತದೆ.

ಸಾಹಿತ್ಯ ವಿದ್ವಾಂಸೆ ಸ್ವೆತ್ಲಾನಾ ಬಾಯ್ಮ್ 2001ರ ತನ್ನ ಪುಸ್ತಕದಲ್ಲಿ ಹಳಹಳಿಕೆಯನ್ನು ಎರಡಾಗಿ ಬಿಡಿಸಿದಳು. ಕಳೆದದ್ದನ್ನು ಇದ್ದಂತೆಯೇ ಮತ್ತೆ ಕಟ್ಟುತ್ತೇನೆ ಎನ್ನುವುದು ಒಂದು. ಕಳೆದಿದೆ ಎಂದು ಒಪ್ಪಿಕೊಂಡು ಆ ಬಿರುಕಿನಲ್ಲಿ ನಿಂತು ಯೋಚಿಸುವುದು ಇನ್ನೊಂದು. ನಮ್ಮ ಕುಟುಂಬ ಹಾಸ್ಯಚಿತ್ರಗಳು ಹೆಚ್ಚಾಗಿ ಮೊದಲನೆಯ ಸಾಲಿನವು. ಕೊನೆಯ ದೃಶ್ಯದಲ್ಲಿ ಮನೆಗೆ ಸುಣ್ಣ ಬಳಿದಿರುತ್ತಾರೆ.

ನಗು ಯಾರ ಮೇಲೆ?

ಹಾಸ್ಯದ ಮಾತಿಗೆ ಬಂದರೆ ಪ್ರಶ್ನೆ ಸೂಕ್ಷ್ಮವಾಗುತ್ತದೆ. ಮಗುವಿನ ಅಜ್ಞಾನ ಕಂಡು ದೊಡ್ಡವರು ನಗುವುದು ಸುಲಭದ ಹಾಸ್ಯ. ತೊದಲು ಮಾತು, ಬಾಯಿಪಾಠದ ಡೈಲಾಗು, ವಯಸ್ಸಿಗೆ ಮೀರಿದ ಪ್ರೇಮಪತ್ರ. ದೊಡ್ಡವರ ಗತ್ತು ಕಂಡು ಮಗು ನಗುವುದು ಕಷ್ಟದ ಹಾಸ್ಯ. ರಾಮಚಂದ್ರ ಪಿ.ಎನ್. ಅವರ 'ಪುಟಾಣಿ ಪಾರ್ಟಿ' (2009) ಎರಡನೆಯ ಬಗೆಯದು. ಹಳ್ಳಿಯ ಮಕ್ಕಳ ಸಮಿತಿ ಊರಿನ ಕೆಲಸಕ್ಕೆ ಕೈಹಾಕುತ್ತದೆ, ಹಿರಿಯರು ಅದನ್ನು ಆಟವೆಂದುಕೊಳ್ಳುತ್ತಾರೆ. ಮಕ್ಕಳು ಅದನ್ನು ಆಟವೆಂದುಕೊಂಡಿಲ್ಲ ಎಂಬಲ್ಲೇ ನಗು. ಸತ್ಯಪ್ರಕಾಶರ 'ಒಂದಲ್ಲಾ ಎರಡಲ್ಲಾ' (2018) ಚಿತ್ರದಲ್ಲಿ ಕಳೆದುಹೋದ ಹಸುವನ್ನು ಹುಡುಕುವ ಸಮೀರನ ಮುಗ್ಧತೆ ಸುತ್ತಲಿನ ದೊಡ್ಡವರ ಲೆಕ್ಕಾಚಾರವನ್ನೆಲ್ಲ ಬಯಲು ಮಾಡುತ್ತದೆ.

ಎರಡು ಬಗೆಯ ನಗುವೂ ಒಂದೇ ಚಿತ್ರದಲ್ಲಿ ಕೂಡಿದ್ದು ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' (2018). 1956ರ ನವೆಂಬರ್ 1ರಂದು ಕೇರಳದ ಪಾಲಾದ ಕಾಸರಗೋಡಿನಲ್ಲಿ ಕನ್ನಡ ಶಾಲೆಗೆ ಬೀಗ ಬೀಳುವ ಕಥೆ. ಕನ್ನಡ ಬಾರದ ಮೇಷ್ಟ್ರು ಕನ್ನಡ ಮಕ್ಕಳಿಗೆ ಪಾಠ ಹೇಳುವ ದೃಶ್ಯಗಳಿಗೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅನಂತನಾಗ್ ಅವರ ಪಾತ್ರ ಬಂದ ಮೇಲೆ ಮಕ್ಕಳ ಚಿತ್ರ ಮೆಲ್ಲಗೆ ದೊಡ್ಡವರ ಚಿತ್ರವಾಗುತ್ತದೆ: ಆ ಹಿರಿಯನೇ ಎಲ್ಲರಿಗಿಂತ ಹುಡುಗಾಟದವನು. ಅದಕ್ಕೆ ಸಿಕ್ಕಿದ್ದು ಅತ್ಯುತ್ತಮ ಮಕ್ಕಳ ಚಿತ್ರ ರಾಷ್ಟ್ರಪ್ರಶಸ್ತಿ. ನನಗೆ ಕಂಡಂತೆ ಅದು ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿರುವ ತಂದೆತಾಯಿಯರ ಚಿತ್ರ. ಕನ್ನಡ ಶಾಲೆಯಲ್ಲಿ ಓದಿದ ಕೊನೆಯ ತಲೆಮಾರು ಕತ್ತಲಲ್ಲಿ ಕುಳಿತು ತನ್ನ ಬೆಂಚನ್ನು ತಡವಿಕೊಂಡು ಅತ್ತಿತು, ಹೊರಬಂದು ಕಾನ್ವೆಂಟಿನ ಫೀಸು ಕಟ್ಟಿತು. ಚಿತ್ರದ ತಪ್ಪಲ್ಲ. ಆದರೆ ಹಳಹಳಿಕೆ ಮದ್ದು ಎನ್ನುವವರು ಈ ಫೀಸಿನ ರಸೀದಿಗೂ ಉತ್ತರ ಹೇಳಬೇಕು.

ಬಾಲ್ಯ ಎಲ್ಲರಿಗೂ ಸಿಕ್ಕಿತ್ತೇ?

ಇನ್ನೊಂದು ಪಕ್ಷ ಕೇಳುವುದು ಇದನ್ನೇ. ಫ್ರೆಂಚ್ ಇತಿಹಾಸಕಾರ ಫಿಲಿಪ್ ಏರಿಯೆಸ್ 1960ರಲ್ಲೇ, ಬಾಲ್ಯವನ್ನು ಪ್ರತ್ಯೇಕ ಘಟ್ಟವಾಗಿ ಕಾಣುವುದು ಇತ್ತೀಚಿನ ಶತಮಾನಗಳ ಕಲ್ಪನೆ ಎಂದು ವಾದಿಸಿದ. ಅವನನ್ನು ಆಮೇಲೆ ಬಹಳ ಜನ ತಿದ್ದಿದ್ದಾರೆ. ನಮ್ಮಲ್ಲಿ ಇದಕ್ಕೆ ಫ್ರೆಂಚ್ ಸಾಕ್ಷಿ ಬೇಕಿಲ್ಲ. ಕುಂ. ವೀರಭದ್ರಪ್ಪನವರ ಕಥೆಯಿಂದ ನಾಗತಿಹಳ್ಳಿ ಚಂದ್ರಶೇಖರ್ ಮಾಡಿದ 'ಕೊಟ್ರೇಶಿ ಕನಸು' (1994) ನೋಡಿದರೆ ಸಾಕು. ಓದಬೇಕೆಂಬ ದಲಿತ ಹುಡುಗನ ಹಂಬಲವೇ ಅಲ್ಲಿ ಊರಿಗೆ ತಲೆನೋವು. ಕೊಟ್ರೇಶಿ ನಲವತ್ತು ದಾಟಿ ಊರಿಗೆ ಮರಳಿದರೆ ಯಾವ ಮರ ಹತ್ತಬೇಕು? ಮರ ಯಾರ ಹೊಲದಲ್ಲಿತ್ತು?

ಪೃಥ್ವಿ ಕೊಣನೂರರ 'ರೈಲ್ವೇ ಚಿಲ್ಡ್ರನ್' (2016) ಮನೆಯಿಂದ ಓಡಿಬಂದು ನಿಲ್ದಾಣದಲ್ಲಿ ಉಳಿದ ಮಕ್ಕಳದು. ಉತ್ಸವ್ ಗೋನವಾರ್ ಅವರ 'ಫೋಟೋ' ನಮ್ಮ ರಾಯಚೂರು ಸೀಮೆಯದು. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂದು ಬೆಂಗಳೂರಿಗೆ ಹೋದ ಹುಡುಗ, ಅಲ್ಲಿ ಕೂಲಿ ಮಾಡುವ ಅಪ್ಪ, ಲಾಕ್‌ಡೌನು, ನಡೆದೇ ಊರಿಗೆ ಹೊರಟ ದಾರಿ. ಅದೂ ಊರಿಗೆ ಮರಳುವ ಕಥೆಯೇ. ಅಲ್ಲಿ ಮಳೆಯೂ ಇಲ್ಲ, ಮೇಷ್ಟ್ರೂ ಇಲ್ಲ. ಕಲ್ಯಾಣ ಕರ್ನಾಟಕದ ಬಾಲ್ಯ ತೆರೆಗೆ ಬಂದಾಗಲೆಲ್ಲ ಹೀಗೆ ಬಡತನದ ಬಾಗಿಲಿನಿಂದಲೇ ಬಂದಿದೆ. ಅದು ನಿಜವೇ, ಆದರೆ ಪೂರ್ತಿ ನಿಜವಲ್ಲ. ಇಲ್ಲಿಯ ಹುಡುಗರೂ ನಕ್ಕಿದ್ದಾರೆ. ಬಡತನ ತೋರಿಸುವವರು ನಗುವನ್ನು ಬಿಟ್ಟುಬಿಡುತ್ತಾರೆ, ನಗು ತೋರಿಸುವವರು ಇಲ್ಲಿಗೆ ಬರುವುದಿಲ್ಲ.

ಗಂಡಸಿಗೆ ಊರು, ಹೆಣ್ಣಿಗೆ ತವರು

ಈ ಚರ್ಚೆಯಲ್ಲಿ ಯಾರೂ ಹೆಚ್ಚು ಮಾತಾಡದ ಒಂದು ವಿಷಯ. ಮೇಲೆ ಹೇಳಿದ ಮರಳುವವರೆಲ್ಲ ಗಂಡಸರು. ಹೆಣ್ಣುಮಗಳು ಮರಳಿದರೆ ಅದಕ್ಕೆ ಬಾಲ್ಯ ಎನ್ನುವುದಿಲ್ಲ, ತವರು ಎನ್ನುತ್ತಾರೆ. ಗಂಡಸಿನ ಮರಳುವಿಕೆ ಹಾಸ್ಯಚಿತ್ರವಾದರೆ ಹೆಣ್ಣಿನದು ಕಣ್ಣೀರಿನ ಚಿತ್ರ: 2002ರ 'ತವರಿಗೆ ಬಾ ತಂಗಿ' ನೋಡಲು ಹೆಂಗಸರು ಕರವಸ್ತ್ರದೊಡನೆ ಹೋದದ್ದು ನಿಮಗೂ ನೆನಪಿರಬಹುದು. ತವರಿನಲ್ಲಿ ಅವಳು ಅಣ್ಣನ ಮಾನ, ಅತ್ತಿಗೆಯ ಮಾತು, ಗಂಡನ ಮನೆಯ ದೂರು. ಎಂಟು ವರ್ಷದ ಹುಡುಗಿಯಾಗುವ ಸ್ವಾತಂತ್ರ್ಯ ಚಿತ್ರಕಥೆಯಲ್ಲಿ ಇಲ್ಲ.

ನಿಜದಲ್ಲಿ ಇದೆ. ಶ್ರಾವಣದ ನಾಗರ ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಬೇವಿನ ಟೊಂಗೆಗೆ ದಪ್ಪ ಹಗ್ಗದ ಜೋಕಾಲಿ. ಎರಡು ಮಕ್ಕಳ ತಾಯಿ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ನಿಂತು ಜೀಕುತ್ತಾಳೆ, ಕೆಳಗಿನಿಂದ ಅವಳ ಮಗ "ಯವ್ವಾ, ಸಾಕು ಇಳೀ" ಎಂದು ಅಂಜಿಕೊಂಡು ಕೂಗುತ್ತಾನೆ. ಇಡೀ ವರ್ಷ ಮಗನಿಗೆ ಅವಳು ಹೇಳಿದ ಮಾತು ಆ ದಿನ ತಿರುಗಿ ಅವಳಿಗೇ ಬರುತ್ತದೆ. ಇದಕ್ಕಿಂತ ಒಳ್ಳೆಯ ಹಾಸ್ಯದೃಶ್ಯವನ್ನು ಯಾವ ಚಿತ್ರಕಥೆಗಾರ ಬರೆದಾನು!

ಬಿಸಿಲಿನ ಬಾಲ್ಯ

ಇನ್ನು ಶರಣಸಿರಸಗಿಗೆ ಬರೋಣ. ಸಿನಿಮಾ ನಮ್ಮ ಕಡೆ ಬರದಿರುವುದಕ್ಕೆ ಮೊದಲ ಕಾರಣ ನೋಟದ್ದು ಎನ್ನುತ್ತಾರೆ: ಹಸಿರು ಬೇಕು, ಮಂಜು ಬೇಕು. ಇಲ್ಲಿ ಕಪ್ಪು ಎರೆಹೊಲ, ತೊಗರಿ, ಬಿಳಿಜೋಳ, ಶಹಾಬಾದಿ ಪರಸಿ ಹಾಸಿದ ಮನೆ, ಮೇ ತಿಂಗಳ ಸುಡು ಬಿಸಿಲು. ಅಡಿಕೆ ತೋಟಕ್ಕೆ ಮರುಳಾದ ಕ್ಯಾಮೆರಾ ಕಮಲಾಪುರದ ಕೆಂಪು ಬಾಳೆಯ ತೋಟವನ್ನು ನೋಡಿಯೇ ಇಲ್ಲ. ಈ ಕಾರಣ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬಿಸಿಲಿಗೂ ಚೆಲುವಿದೆ.

ಎಳ್ಳ ಅಮಾಸಿಯನ್ನೇ ತೆಗೆದುಕೊಳ್ಳಿ. ಕಲಬುರಗಿ ಪೇಟೆಯ ಅರ್ಧ ಅಂಗಡಿಗಳು ಆ ದಿನ ಬಾಗಿಲು ಹಾಕಿದಂತೆಯೇ. ಹಿಂದೆ ಎತ್ತಿನ ಗಾಡಿ, ಈಗ ಕಾರು, ಟ್ರ್ಯಾಕ್ಟರ್, ಆಟೋ. ಹೊಲಕ್ಕೆ ಹೊರಟ ಸಾಲು. ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ, ಬೆಳೆಯ ನಡುವೆ ಚರಗ ಚೆಲ್ಲುವುದು, ಆಮೇಲೆ ಬುತ್ತಿ ಬಿಚ್ಚುವುದು: ಸಜ್ಜಿ ರೊಟ್ಟಿ, ಕಡುಬು, ಭಜ್ಜಿ ಪಲ್ಯ, ಶೇಂಗಾ ಹಿಂಡಿ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆದು ಉಣಿಸುವುದು ರೂಢಿ. ಪುಣೆಯಿಂದ ಬಂದ ಕಾಕಾ ಹಸಿ ಕಡಲೆ ಗಿಡ ಕಿತ್ತು ತಿನ್ನುತ್ತ ಮಾವಿನ ಟೊಂಗೆಯ ಜೋಕಾಲಿಯಲ್ಲಿ ಕೂರುತ್ತಾನೆ. ಜೋಕಾಲಿ ತನ್ನ ಬಾಲ್ಯದ ಭಾರಕ್ಕೆ ಕಟ್ಟಿದ್ದೆಂದು ಅವನಿಗೆ ಹೊಳೆಯುವುದು ನೆಲಕ್ಕೆ ಬಿದ್ದ ಮೇಲೆ. ಹಾಸ್ಯ, ಕುಟುಂಬ, ಬಾಲ್ಯ, ಎಲ್ಲ ಒಂದೇ ಮಧ್ಯಾಹ್ನದಲ್ಲಿ ಸಿಗುವಾಗ ನೋಟದ ಕೊರತೆ ಎನ್ನುವುದು ನೆಪ.

ಎರಡನೆಯ ಕಾರಣ ಭಾಷೆ. ಇದು ಗಟ್ಟಿಯಾದದ್ದು. ಬೆಂಗಳೂರಿನ ಸಿನಿಮಾದಲ್ಲಿ ಉತ್ತರ ಕರ್ನಾಟಕದ ಮಾತು ಬಹುಕಾಲ ಹಾಸ್ಯನಟನ ಪಾಲಿನದು. ಅದೂ ಹುಬ್ಬಳ್ಳಿ ಕಡೆಯ ಮಾತನ್ನೇ ಬೀದರಿನವರೆಗೂ ಎಳೆಯುತ್ತಾರೆ. ಅಲ್ಲಿ 'ಮಾಡಾಕತ್ತೀನಿ' ಎಂದರೆ ಇಲ್ಲಿ 'ಮಾಡ್ಲತ್ತೀನಿ'. ಅಲ್ಲಿಯ ಅಜ್ಜ ಇಲ್ಲಿ ಮುತ್ಯಾ. ಬಾಲ್ಯಕ್ಕೆ ಮರಳುವುದೆಂದರೆ ಮೊದಲು ಆ ಮಾತಿಗೆ ಮರಳುವುದು. ಆ ಮಾತೇ ನಗೆಯ ಸರಕಾಗಿರುವಾಗ, ಅದರಲ್ಲಿ ಒಬ್ಬ ನಾಯಕ ಸುಮ್ಮನೆ ತನ್ನ ಅವ್ವನನ್ನು ನೆನೆದರೂ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆನ್ನುತ್ತಾರೆ. ಕಾಸರಗೋಡಿನ ಮೇಷ್ಟ್ರ ಕನ್ನಡಕ್ಕೆ ನಕ್ಕಾಗ ನಮ್ಮವರಲ್ಲಿ ಕೆಲವರಿಗೆ ಒಳಗೆ ಚುಚ್ಚಿದ್ದು ಇದಕ್ಕೇ ಇರಬೇಕು.

ಮೂರನೆಯದು ಇತಿಹಾಸ. 1948ರ ಸೆಪ್ಟೆಂಬರ್ 17ರವರೆಗೆ ಕಲಬುರಗಿ ನಿಜಾಮರ ಸಂಸ್ಥಾನ. ಮೇಲಿನ ತರಗತಿಗಳ ಪಾಠ ಉರ್ದುವಿನಲ್ಲಿ. 1907ರಲ್ಲಿ ಇಲ್ಲಿ ಹುಟ್ಟಿದ ನೂತನ ವಿದ್ಯಾಲಯದಂಥ ಸಂಸ್ಥೆಗಳಿದ್ದರೂ ಬಹಳ ಮುತ್ಯಾಗಳ ಬಾಯಲ್ಲಿ ಇಂದಿಗೂ ತರಗತಿ ಎಂದರೆ 'ಜಮಾತ್'. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಪೇಟೆಯಲ್ಲಿ ಮರಾಠಿ ಕೇಳಿ ಬೆಳೆದ ಹುಡುಗನ ಬಾಲ್ಯಕ್ಕೆ ಮರಳಬೇಕಾದರೆ ಚಿತ್ರ ಯಾವ ಭಾಷೆಯಲ್ಲಿ ಮಾತಾಡಬೇಕು? ಕನ್ನಡ ಶಾಲೆ ಉಳಿಸುವ ಕಥೆಯಷ್ಟು ನೇರವಲ್ಲ ಇದು. ಅದಕ್ಕೇ ಯಾರೂ ಮುಟ್ಟಿಲ್ಲ ಎಂದು ನನ್ನ ಊಹೆ.

ತೀರದೆ ಉಳಿದದ್ದು

ಇಂಥ ಚಿತ್ರಗಳನ್ನು ಮಕ್ಕಳು ನೋಡುತ್ತಾರೆಯೇ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. 2008ರ 'ಗುಬ್ಬಚ್ಚಿಗಳು', 2009ರ 'ಪುಟಾಣಿ ಪಾರ್ಟಿ', 2010ರ 'ಹೆಜ್ಜೆಗಳು', ಮೂರು ವರ್ಷ ಸಾಲಾಗಿ ಅತ್ಯುತ್ತಮ ಮಕ್ಕಳ ಚಿತ್ರದ ಮನ್ನಣೆ ಕನ್ನಡಕ್ಕೆ ಬಂತು. ಕಲಬುರಗಿಯ ಎಷ್ಟು ಮಕ್ಕಳು ಅವನ್ನು ನೋಡಿದ್ದಾರೆ ಎಂದು ಯಾವುದೇ ಶಾಲೆಯಲ್ಲಿ ಕೈ ಎತ್ತಿಸಿ ನೋಡಿ. ಮಕ್ಕಳಿಗಾಗಿಯೇ 1955ರಲ್ಲಿ ಶುರುವಾದ ಚಿಲ್ಡ್ರನ್ಸ್ ಫಿಲ್ಮ್ ಸೊಸೈಟಿ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ (ಎನ್‌ಎಫ್‌ಡಿಸಿ) ಸೇರಿಹೋಯಿತು. ಅದರಿಂದ ಮಕ್ಕಳ ಚಿತ್ರ ಬೆಳೆಯಿತೋ ಬಡವಾಯಿತೋ, ವಾದ ನಡೆದೇ ಇದೆ.

ನೋವನ್ನು ಮರೆಮಾಚದೆ ನಗಿಸಬಹುದೇ ಎನ್ನುವುದು ಇನ್ನೊಂದು. ಕೊಟ್ರೇಶಿ ಊರಿಗೆ ಮರಳಿ ನಗುವ ಚಿತ್ರ ಬಂದಾಗ ಮಾತ್ರ ಅದಕ್ಕೆ ಉತ್ತರ ಸಿಕ್ಕೀತು. ಮೊಬೈಲಿನಲ್ಲೇ ತನ್ನ ಬಾಲ್ಯದ ಪ್ರತಿ ದಿನವನ್ನೂ ಹಿಡಿದಿಟ್ಟ ತಲೆಮಾರು ನಲವತ್ತು ದಾಟಿದಾಗ ಮರಳಲು ಏನಾದರೂ ಉಳಿದಿರುತ್ತದೆಯೇ ಎಂಬುದು ನನ್ನ ಕಾಲಕ್ಕೆ ತಿಳಿಯುವ ವಿಷಯವಲ್ಲ.

ಒಂದು ಮಾತ್ರ ಕಾಯುವಂಥದ್ದಲ್ಲ. ಮನೆಯಲ್ಲಿ ಮುತ್ಯಾ, ಆಯಿ ಇರುವವರು ಈ ಎಳ್ಳ ಅಮಾಸಿಗೆ ಹೊಲಕ್ಕೆ ಹೋದಾಗ ಅವರನ್ನು ಮರದ ನೆರಳಿಗೆ ಕೂರಿಸಿ, ಯಾವ ಜಮಾತಿನಲ್ಲಿ ಏನು ಓದಿದಿರಿ, ಯಾಕೆ ಏಟು ತಿಂದಿರಿ, ಯಾವ ಆಟ ಆಡಿದಿರಿ ಎಂದು ಕೇಳಿ, ಅವರ ಮಾತಿನಲ್ಲೇ ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ. 1948ರಲ್ಲಿ ಉರ್ದುವಿನಲ್ಲಿ ಆರನೇ ತರಗತಿ ಓದುತ್ತಿದ್ದ ಹುಡುಗನಿಗೆ ಈಗ ತೊಂಬತ್ತರ ಹತ್ತಿರ.